ಮರೆ ಮಗ್ಗಲಿನ ದಾರ

ಹೋದ ಸೀಸನ್ ಪೂರ್ತಿ ನಾವು ಹಾಯಿನ ಬೇಕಾದ್ದಕ್ಕಿಂತ ಜಾಸ್ತಿ ಎಳೆದು ಕಟ್ಕೊಂಡೇ ದೋಣಿ ಓಡಿಸ್ತಾ ಇದ್ವಿ ಅಂತ ಗೊತ್ತಾಗಿದ್ದು ಈ ಫೆಬ್ರವರಿಯಲ್ಲಿ. ತಿಳಿಸಿಕೊಟ್ಟಿದ್ದು ಒಂದು ಗೇಣುದ್ದದ ಕೆಂಪು ಉಲ್ಲನ್ ದಾರ. ಅದನ್ನ ಹಾಯಿಗೆ ಅಂಟಿಸೋಕೆ ನಾವು ಪಟ್ಟ ಪಾಡು, ಕಲ್ತಿದ್ದು, ಎಲ್ಲ ಬರೀತೀನಿ. ಕಾರವಾರದಲ್ಲಿ, ಗೋವಾದಲ್ಲಿ ಸಣ್ಣ ಹಾಯಿದೋಣಿ ಇಟ್ಕೊಂಡಿರೋರು ಒಬ್ರಾದ್ರೂ ಓದಿ ಒಂದು ವರ್ಷ ಉಳಿಸ್ಕೊಂಡ್ರೆ ಸಾಕು.

ನಾನು ಶಿರಸಿ ಕಡೆಯವನು, ನೌಕರಿ ಕಾರವಾರದಲ್ಲಿ. ಕೋಡಿಬಾಗದ ಗೆಳೆಯ ಒಬ್ಬ ಕಾಲೇಜಲ್ಲಿರುವಾಗ ಎನ್‌ಸಿಸಿ ನೇವಿ ವಿಂಗಲ್ಲಿದ್ದು ಸೇಲಿಂಗ್ ಕಲ್ತವನು, ಅವನ ಹುಚ್ಚು ನನಗೂ ಹತ್ತಿ ಇಬ್ರೂ ಸೇರಿ ಗೋವಾದಿಂದ ಒಂದು ಹಳೇ ಎಂಟರ್‌ಪ್ರೈಸ್ ದೋಣಿ ತಂದ್ವಿ. 4.04 ಮೀಟರ್ ಉದ್ದ, ಇಬ್ರು ಓಡಿಸೋದು, ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ 1956ರಲ್ಲಿ ಡಿಸೈನ್ ಮಾಡಿದ್ದು. ಹಿಂದೆ ದೊಡ್ಡ ಹಾಯಿ, ಅದಕ್ಕೆ ಮೇನ್ ಅಂತಾರೆ, ಮುಂದೆ ಸಣ್ಣದು ಜಿಬ್. ಎರಡೂ ನೀಲಿ, ಈ ದೋಣಿಯ ಗುರುತೇ ನೀಲಿ ಹಾಯಿ. ಆ ನೀಲಿ ಬಣ್ಣನೇ ಮುಂದೆ ನಮಗೆ ಎಷ್ಟು ಕೆಲಸ ಕೊಡ್ತು ಅನ್ನೋದನ್ನ ಆಮೇಲೆ ಹೇಳ್ತೀನಿ.

ದೋಣಿ ಬಂದಾಗ ಹಾಯಿ ಮೇಲೆ ಒಂದೂ ದಾರ ಇರ್ಲಿಲ್ಲ, ಹಿಂದೆ ಯಾವುದೋ ಟೇಪ್ ಅಂಟಿಸಿದ್ದ ಕಲೆ ಮಾತ್ರ ಇತ್ತು, ನಾವು ಅದನ್ನ ಕೊಳೆ ಅಂದ್ಕೊಂಡು ಉಜ್ಜಿ ತೊಳೆದಿದ್ವಿ.

ಈ ದಾರಕ್ಕೆ ಟೆಲ್‌ಟೇಲ್ ಅಂತ ಹೆಸರು. ಕೆಲಸ ಸರಳ. ದೋಣಿ ಗಾಳಿಗೆ ಓರೆಯಾಗಿ ಎದುರು ಹೋಗುವಾಗ ಗಾಳಿ ಹಾಯಿಯ ಎರಡೂ ಮಗ್ಗಲಲ್ಲಿ ಮೈಗೆ ಅಂಟಿಕೊಂಡು ಹರೀಬೇಕು, ವಿಮಾನದ ರೆಕ್ಕೆ ಮೇಲೆ ಹರಿದ ಹಾಗೆ. ಹರೀತಾ ಇದ್ರೆ ಎರಡೂ ಕಡೆ ದಾರ ಹಿಂದಕ್ಕೆ ನೆಟ್ಟಗೆ ಮಲಗಿರ್ತದೆ. ಗಾಳಿ ಬಡಿಯೋ ಮಗ್ಗಲಿನ ದಾರ ಮೇಲಕ್ಕೆ ಎದ್ದು ಕುಣೀತಾ ಇದ್ರೆ ದೋಣಿ ಗಾಳಿಗೆ ತೀರಾ ಎದುರಾಗಿದೆ ಅಥವಾ ಹಾಯಿ ಸಡಿಲಾಗಿದೆ ಅಂತ ಅರ್ಥ. ಮರೆ ಮಗ್ಗಲಿನ, ಅಂದ್ರೆ ಗಾಳಿ ಬಡಿಯದ ಆಚೆ ಕಡೆಯ ದಾರ ಒದ್ದಾಡ್ತಾ ಇದ್ರೆ, ಇಲ್ಲಾ ಸತ್ತ ಹಾಗೆ ಜೋತು ಬಿದ್ರೆ ಹಾಯಿ ಜಾಸ್ತಿ ಬಿಗಿಯಾಗಿದೆ, ಅಲ್ಲಿ ಗಾಳಿ ಹಾಯಿ ಬಿಟ್ಟು ಕಿತ್ತೋಗಿ ಸುಳಿ ಸುತ್ತುತಾ ಇದೆ, ಹಗ್ಗ ಬಿಡಬೇಕು ಇಲ್ಲಾ ದೋಣಿ ಮೂತಿ ಗಾಳಿ ಕಡೆ ತಿರುಗಿಸಬೇಕು. ಗೆಳೆಯನಿಗೆ ಎನ್‌ಸಿಸಿಯಲ್ಲಿ ಹೇಳ್ಕೊಟ್ಟ ಸೂತ್ರ ಒಂದೇ, ಯಾವ ದಾರ ಒದ್ದಾಡ್ತದೋ ಆ ಕಡೆಗೆ ಟಿಲ್ಲರ್ ತಳ್ಳು. ಟಿಲ್ಲರ್ ಅಂದ್ರೆ ಚುಕ್ಕಾಣಿ ಹಿಡಿ. ಇಷ್ಟೇ, ಆದ್ರೆ ಇದು ನಡೀಬೇಕಾದ್ರೆ ದಾರ ಸರಿಯಾದ ಜಾಗದಲ್ಲಿರ್ಬೇಕು, ಹಗುರ ಇರ್ಬೇಕು, ಮತ್ತೆ ಕಣ್ಣಿಗೆ ಕಾಣ್ಬೇಕು. ಈ ಮೂರರಲ್ಲೂ ನಾವು ತಪ್ಪು ಮಾಡಿದ್ವಿ.

ಹೋದ ವರ್ಷ ಅಕ್ಟೋಬರಲ್ಲಿ ಮಳೆ ನಿಂತ ಮೇಲೆ ಶುರು ಮಾಡಿದ್ವಿ. ಊರಿಗೆ ಹೋದಾಗ ಆಯಿಯ ಹತ್ರ ಉಲ್ಲನ್ ಉಂಡೆ ಕೇಳ್ದೆ, ಸ್ವೆಟರ್ ಹೆಣೆದು ಉಳಿದಿದ್ದು ಒಂದು ಡಬ್ಬಿ ತುಂಬಾ ಇರ್ತದೆ ಅವಳ ಹತ್ರ. "ದೋಣಿಗೆ ಉಲ್ಲನ್ ಎಂತಕ್ಕೆ ಅಪ್ಪಿ?" ಅಂತ ಕೇಳಿದ್ಲು, ಗಾಳಿ ನೋಡೋಕೆ ಅಂದೆ. ಒಂದು ಗಳಿಗೆ ನನ್ನ ಮುಖ ನೋಡಿ ಕೆಂಪು, ಹಸಿರು, ಹಳದಿ ಮೂರು ಉಂಡೆ ತೆಗೆದುಕೊಟ್ಲು. ಕೆಂಪು ಹಸಿರು ಯಾಕಂದ್ರೆ ದೋಣಿಯ ದೀಪದ ಹಾಗೇ ಎಡಕ್ಕೆ ಕೆಂಪು, ಬಲಕ್ಕೆ ಹಸಿರು ದಾರ ಹಾಕೋದು ರೂಢಿ.

ಮೊದಲ ಸಲ ಜಿಬ್‌ನ ಮುಂದಿನ ಅಂಚಿಂದ, ಅದಕ್ಕೆ ಲಫ್ ಅಂತಾರೆ, ಅಲ್ಲಿಂದ ಮೂರು ಇಂಚು ಬಿಟ್ಟು ಅಂಟಿಸಿದ್ವಿ, ಗಾಳಿ ಮೊದಲು ಬರೋದು ಅಲ್ಲೇ ತಾನೆ ಅನ್ನೋ ಲೆಕ್ಕ. ಇಲ್ಲಿನ ಮೀನುಗಾರಿಕೆ ಬಂದರು ಬೈತಖೋಲದಿಂದ ಹೊರಗೆ ಹೋಗಿ ನೋಡಿದ್ರೆ ದಾರ ಒಂದು ಕ್ಷಣ ಸುಮ್ನಿರ್ಲಿಲ್ಲ. ಟಿಲ್ಲರ್ ಹೇಗೆ ಹಿಡಿದ್ರೂ ಒದ್ದಾಟ. ಅಲೆಗೆ ದೋಣಿ ಮೂತಿ ಒಂಚೂರು ಎದ್ರೂ ದಾರ ಹಾರಿ ಬೀಳ್ತಿತ್ತು, ಅದನ್ನ ನೋಡ್ಕೊಂಡು ಗೆಳೆಯ ಟಿಲ್ಲರ್ ಅತ್ತ ಇತ್ತ ಆಡಿಸಿ ಆಡಿಸಿ ದೋಣಿ ಹಾವಿನ ಹಾಗೆ ಹೋಯ್ತು. ಅಂಚಿಗೆ ಅಷ್ಟು ಹತ್ರ ಗಾಳಿ ಸಣ್ಣ ಸಣ್ಣ ಬದಲಾವಣೆಗೂ ಬೆಚ್ಚಿ ಬೀಳ್ತದೆ. ಮುಂದಿನ ಭಾನುವಾರ ಹದಿನೈದು ಇಂಚು ಹಿಂದಕ್ಕೆ ಹಾಕಿದ್ವಿ, ಅದು ಇನ್ನೊಂದು ತುದಿ, ಹಾಯಿ ಮುಂದೆ ಪಟಪಟ ಬಡ್ಕೊಳೋಕೆ ಶುರುವಾದ್ರೂ ದಾರ ಆರಾಮಾಗಿ ಮಲಗಿತ್ತು. ಕೊನೆಗೆ ಎಂಟು ಇಂಚಿಗೆ ನಿಂತ್ವಿ. ನಮ್ಮ ಸೈಜಿನ ಜಿಬ್‌ಗೆ ಎಂಟು ಸರಿ, ಇದಕ್ಕಿಂತ ದೊಡ್ಡ ಜಿಬ್‌ಗೆ ಇನ್ನೂ ಹಿಂದೆ ಬೇಕಾಗ್ತದೆ.

ವಿಮಾನ ಕಂಪನಿಯಲ್ಲಿ ಏರೋಡೈನಮಿಕ್ಸ್ ಕೆಲಸ ಮಾಡ್ತಿದ್ದ ಆರ್ವೆಲ್ ಜೆಂಟ್ರಿ ಅನ್ನೋರು 1970ರ ದಶಕದಲ್ಲಿ ಹಾಯಿ ಮೇಲೆ ಗಾಳಿ ಹೇಗೆ ಹರೀತದೆ ಅಂತ ಬರೆದಿದ್ರು. ಅವ್ರು ಅಂಚಿಂದ ಶುರು ಮಾಡಿ ಹಿಂದಕ್ಕೆ ಒಂದೇ ಸಾಲಲ್ಲಿ ಸಣ್ಣ ಸಣ್ಣ ದಾರದ ತುಂಡು ಅಂಟಿಸ್ತಿದ್ರು, ಇವತ್ತಿಗೂ ಅದಕ್ಕೆ ಜೆಂಟ್ರಿ ಟಫ್ಟ್ಸ್ ಅಂತಾನೇ ಹೆಸರು. ಸಾಲಲ್ಲಿ ಎಷ್ಟನೇ ದಾರದ ತನಕ ಒದ್ದಾಟ ಬಂತು ಅಂತ ನೋಡಿದ್ರೆ ಎಷ್ಟು ತಪ್ಪಾಗಿದೆ ಅನ್ನೋದೂ ಗೊತ್ತಾಗ್ತದೆ. ನಾವು ಒಂದು ದಿನ ಹಾಗೆ ಐದು ತುಂಡು ಸಾಲಾಗಿ ಅಂಟಿಸಿ ನೋಡಿಯೇ ಎಂಟು ಇಂಚು ಅಂತ ಖಾತ್ರಿ ಮಾಡ್ಕೊಂಡಿದ್ದು. ಯಾರಿಗಾದ್ರೂ ತಮ್ಮ ಹಾಯಿಗೆ ಎಷ್ಟು ದೂರ ಅನ್ನೋ ಅನುಮಾನ ಇದ್ರೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ.

ಎತ್ತರದ ಲೆಕ್ಕ ಸುಲಭ. ಹಾಯಿಯ ಎತ್ತರದ ಕಾಲು ಭಾಗಕ್ಕೆ ಒಂದು ಜೊತೆ, ಅರ್ಧಕ್ಕೆ ಒಂದು, ಮುಕ್ಕಾಲಿಗೆ ಒಂದು. ಆದ್ರೆ ಟೇಪ್ ಹಚ್ಚೋ ಮೊದಲು ಹೊಲಿಗೆ ನೋಡ್ಕೊಳ್ಳಿ. ಹಾಯಿ ಬಟ್ಟೆ ಪಟ್ಟಿ ಪಟ್ಟಿ ಸೇರಿಸಿ ಜಿಗ್‌ಜ್ಯಾಗ್ ಹೊಲಿಗೆ ಹಾಕಿರ್ತಾರೆ, ಉಲ್ಲನ್ನಿನ ಜುಂಗು ಹೋಗಿ ಆ ಹೊಲಿಗೆಗೆ ಸಿಕ್ಕಿಹಾಕ್ಕೊಂಡ್ರೆ ಬಿಡೋದೇ ಇಲ್ಲ. ನಮ್ಮ ಮಧ್ಯದ ಜೊತೆ ಹೀಗೇ ಆಗಿತ್ತು, ಸಿಕ್ಕಿಕೊಂಡ ದಾರ ನೆಟ್ಟಗೆ ಹಿಂದಕ್ಕೆ ಮಲಗಿದ ಹಾಗೇ ಕಾಣೋದು, ನಾವು ಎಲ್ಲಾ ಸರಿ ಇದೆ ಅಂತ ಒಂದು ತಾಸು ಖುಷಿಯಾಗಿದ್ವಿ. ಈಗ ಅಂಟಿಸೋ ಮೊದಲು ದಾರದ ಉದ್ದಕ್ಕೆ ಸೀಸದ ಕಡ್ಡಿಯಿಂದ ಒಂದು ವೃತ್ತ ಎಳೀತೀವಿ, ಆ ವೃತ್ತದೊಳಗೆ ಹೊಲಿಗೆ ಬಂದ್ರೆ ಜಾಗ ಮೇಲೆ ಕೆಳಗೆ ಮಾಡ್ತೀವಿ. ಕಾಲು, ಅರ್ಧ ಅನ್ನೋ ಲೆಕ್ಕ ನಾಲ್ಕು ಇಂಚು ತಪ್ಪಿದ್ರೆ ಏನೂ ಆಗೋದಿಲ್ಲ, ಹೊಲಿಗೆಗೆ ಸಿಕ್ರೆ ದಾರ ಇದ್ದೂ ಇಲ್ಲದ ಹಾಗೆ.

ಅಂಟಿಸೋದರಲ್ಲಿ ನಮಗೆ ನವೆಂಬರ್ ಪೂರ್ತಿ ಹೋಯ್ತು. ಮೊದಲು ಕರೆಂಟಿನ ಇನ್ಸುಲೇಶನ್ ಟೇಪ್ ಹಚ್ಚಿದ್ದು, ಕಾರವಾರದ ಬಿಸಿಲಿಗೆ ಎರಡೇ ದಿನಕ್ಕೆ ಗೋಂದು ಕರಗಿ ಜಾರಿಬಂತು, ಹಾಯಿ ಮೇಲೆ ಅಂಟು ಅಂಟು ಕಲೆ. ಆಮೇಲೆ ಗಾಯಕ್ಕೆ ಹಚ್ಚೋ ಬಟ್ಟೆ ಪ್ಲಾಸ್ಟರ್, ಅದು ಪರವಾಗಿಲ್ಲ, ಎರಡು ವಾರ ಬಂತು. ಕೊನೆಗೆ ಹಾಯಿ ರಿಪೇರಿಗೆ ಅಂತಾನೇ ಬರೋ ನೈಲಾನ್ ಟೇಪ್ ಆನ್‌ಲೈನಲ್ಲಿ ತರಿಸಿದ್ವಿ, ರೇಟು ಜಾಸ್ತಿ, ಆದ್ರೆ ಒಂದು ರೋಲು ವರ್ಷಗಟ್ಟಲೆ ಬರ್ತದೆ. ಅದು ಕೂಡ ಮೊದಲ ಸಲ ಕಿತ್ಕೊಂಡು ಬಂತು, ತಪ್ಪು ಟೇಪಿಂದಲ್ಲ, ಹಾಯಿ ಮೇಲೆ ಉಪ್ಪು ಇತ್ತು. ಸಮುದ್ರದ ನೀರು ಒಣಗಿ ಉಳಿದ ಉಪ್ಪು ಕಣ್ಣಿಗೆ ಕಾಣೋದಿಲ್ಲ, ಬೆರಳಿಗೆ ಸವರಿ ನಾಲಿಗೆಗೆ ಇಟ್ಟು ನೋಡ್ಬೇಕು. ಈಗ ಮಾಡೋದು ಹೀಗೆ: ಬಾವಿ ನೀರಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ, ಅಂಟಿಸೋ ಜಾಗನ ಸ್ಪಿರಿಟ್ ಹತ್ತಿಯಿಂದ ಒರೆಸಿ, ಟೇಪನ್ನ ಎಂಟಾಣೆ ಅಗಲಕ್ಕೆ ಗುಂಡಗೆ ಕತ್ತರಿಸಿ, ಅದರ ಕೆಳಗೆ ದಾರದ ತಲೆ ಇಟ್ಟು ಚಮಚದ ಬೆನ್ನಿಂದ ಒಂದು ನಿಮಿಷ ತಿಕ್ಕೋದು. ಗುಂಡಗೇ ಯಾಕೆ ಅಂದ್ರೆ ಚೌಕ ಕತ್ತರಿಸಿದ್ರೆ ಮೂಲೆ ಮೊದಲು ಏಳ್ತದೆ, ಮೂಲೆ ಎದ್ರೆ ಟೇಪ್ ಕಥೆ ಮುಗೀತು.

ಸೂಜಿಯಿಂದ ದಾರ ಹಾಯಿಯೊಳಗೆ ತೂರಿಸಿ ಎರಡೂ ಕಡೆ ಗಂಟು ಹಾಕೋ ಪದ್ಧತಿನೂ ಇದೆ, ಟೇಪೇ ಬೇಡ, ಗಟ್ಟಿ. ಆದ್ರೆ ಹಾಗೆ ಮಾಡಿದ್ರೆ ಎಡ ಬಲ ಎರಡೂ ದಾರ ಒಂದೇ ತೂತಲ್ಲಿ, ಒಂದೇ ಎತ್ತರದಲ್ಲಿ ಬರ್ತದೆ. ನಮ್ಮ ನೀಲಿ ಹಾಯಿಗೆ ಅದು ಆಗೋದಿಲ್ಲ.

ಆ ನೀಲಿಯ ವಿಷಯ ಈಗ ಹೇಳ್ತೀನಿ. ಕೂತ ಕಡೆಯ ದಾರ ಕಣ್ಣೆದುರೇ ಇರ್ತದೆ, ಮರೆ ಮಗ್ಗಲಿಂದು ಕಾಣ್ಬೇಕಾದ್ರೆ ಬಟ್ಟೆ ಮೂಲಕವೇ ಕಾಣ್ಬೇಕು. ಬಿಳಿ ಹಾಯಿಯಲ್ಲಿ ಅದು ಸಾಧಾರಣ ಕಾಣ್ತದೆ. ನೀಲಿಯಲ್ಲಿ ಸೂರ್ಯ ಆ ಕಡೆ ಇದ್ರೆ ಮಾತ್ರ ಕಪ್ಪು ನೆರಳು ಕಾಣ್ತದೆ, ಕೆಂಪೋ ಹಸಿರೋ ಏನೂ ತಿಳಿಯೋದಿಲ್ಲ, ಎರಡೂ ಕಪ್ಪು ಗೆರೆ. ಹಾಗಾಗಿ ಎಡದ ದಾರ ಬಲದ್ದಕ್ಕಿಂತ ಎರಡು ಇಂಚು ಕೆಳಗೆ ಹಾಕಿದ್ವಿ, ಕೆಳಗಿನ ಗೆರೆ ಎಡದ್ದು, ಮೇಲಿನದ್ದು ಬಲದ್ದು, ಬಣ್ಣದ ತಂಟೆನೇ ಬೇಡ. ಹಸಿರು ದಾರ ಹೇಗೂ ನೀಲಿ ಮೇಲೆ ಎದ್ದು ಕಾಣ್ಲಿಲ್ಲ, ಅದನ್ನ ತೆಗೆದು ಬಲಕ್ಕೆ ಹಳದಿ ಹಾಕಿದ್ವಿ.

ಆದ್ರೂ ಅರ್ಧ ಸಮಸ್ಯೆ ಉಳೀತು. ಇಲ್ಲಿ ಬೇಸಿಗೆ ಮಧ್ಯಾಹ್ನ ಗಾಳಿ ವಾಯವ್ಯದಿಂದ ಬರ್ತದೆ. ದೇವಗಡದ ದೀಪಸ್ತಂಭದ ಕಡೆ ಪಶ್ಚಿಮಕ್ಕೆ ಹೋಗುವಾಗ ಸೂರ್ಯ ಎದುರಿಗೆ, ಸ್ವಲ್ಪ ಹಾಯಿಯ ಆಚೆಗೆ, ನೆರಳು ಚೆನ್ನಾಗಿ ಕಾಣ್ತದೆ. ಅಲ್ಲಿಂದ ತಿರುಗಿಸಿ ಉತ್ತರಕ್ಕೆ ಮಾಜಾಳಿ ಕಡೆ ಹೊರಟ್ರೆ ಸೂರ್ಯ ನಮ್ಮ ಎಡ ಭುಜದ ಹಿಂದೆ, ಹಾಯಿ ನೀಲಿ ಗೋಡೆ. ಆಚೆ ದಾರ ಏನ್ ಮಾಡ್ತಿದೆ ದೇವರಿಗೇ ಗೊತ್ತು.

ಕಿಟಕಿ ಇಡಿಸೋಣ ಅಂತ ಗೆಳೆಯ ಹೇಳ್ದ. ಎಷ್ಟೋ ಜಿಬ್‌ಗಳಲ್ಲಿ ಕೆಳಗಿನ ಜೊತೆ ದಾರ ಇರೋ ಜಾಗಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಕಿಟಕಿ ಇರ್ತದೆ. ಹಾಯಿ ಹೊಲಿಯೋರು ಇಲ್ಲಿ ಯಾರೂ ಸಿಗ್ಲಿಲ್ಲ, ಕಡೆಗೆ ಆಟೋ ಹುಡ್ ಹೊಲಿಯೋ ಒಬ್ಬರ ಹತ್ರ ಹೋದ್ವಿ, ದಪ್ಪ ಬಟ್ಟೆ ಹೊಲಿಯೋ ಮಶೀನು, ಹುಡ್ಡಿಗೆ ಹಾಕೋ ಪಾರದರ್ಶಕ ಶೀಟು ಎರಡೂ ಅವರ ಹತ್ರ ಇತ್ತು. ಹಾಯಿಗೆ ಕತ್ತರಿ ಹಾಕೋದು ಅಂದ್ರೆ ನನಗೆ ಹೊಟ್ಟೆಯಲ್ಲಿ ಸಂಕಟ. ಅವರು ಬಟ್ಟೆನ ಬೆರಳಲ್ಲಿ ತಿಕ್ಕಿ ನೋಡಿ, "ಮೊದ್ಲು ಹೊಲೀತೀನಿ, ಆಮೇಲೆ ಕತ್ತರಿಸೋಣ. ಮೊದ್ಲೇ ಕತ್ತರಿಸಿದ್ರೆ ಎಳೆದು ಸುಕ್ಕು ಬೀಳ್ತದೆ ನೋಡಿ" ಅಂದ್ರು. ಎರಡೂ ಕಡೆ ಅಂಟೋ ಟೇಪಲ್ಲಿ ಎಂಟು ಇಂಚು ಅಗಲ, ಹತ್ತು ಇಂಚು ಎತ್ತರದ ಶೀಟು ಹಾಯಿ ಮೇಲೆ ಕೂರಿಸಿ, ಸುತ್ತ ಎರಡು ಸಾಲು ಜಿಗ್‌ಜ್ಯಾಗ್ ಹೊಲಿಗೆ ಹಾಕಿ, ಹಾಯಿನ ಮಗುಚಿ ಹಿಂದಿನ ನೀಲಿ ಬಟ್ಟೆನ ಸಣ್ಣ ಕತ್ತರಿಯಲ್ಲಿ ಒಳಗಿಂದ ಬಿಡಿಸಿದ್ರು. ಒಂದು ಸುಕ್ಕು ಬಿದ್ದಿರ್ಲಿಲ್ಲ. ಆ ಚೌಕದಿಂದ ಅವರ ಅಂಗಡಿ ಎದುರಿನ ರಸ್ತೆ ಕಂಡಾಗ ನಂಗಾದ ಸಂತೋಷ ದೋಣಿ ತಂದ ದಿನವೂ ಆಗಿರ್ಲಿಲ್ಲ.

ಜನವರಿ ಕೊನೆಯಲ್ಲಿ, ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆ ಮುಗಿದು ದೋಣಿಗಳ ಗದ್ದಲ ಕಮ್ಮಿಯಾದ ಮೇಲೆ, ದಾರ ಯಾವುದು ಒಳ್ಳೇದು ಅನ್ನೋ ಪರೀಕ್ಷೆಗೆ ಇಳಿದ್ವಿ. ಉಲ್ಲನ್ ತುಂಬಾ ಹಗುರ, ಸಣ್ಣ ಗಾಳಿಗೂ ಏಳ್ತದೆ, ಆದ್ರೆ ಒಂದು ಅಲೆ ಮೂತಿಗೆ ಬಡಿದು ನೀರು ಹಾರಿದ್ರೆ ಒದ್ದೆಯಾಗಿ ಹಾಯಿಗೆ ಅಂಟಿ ಕೂತ್ಕೊಳ್ತದೆ. ಕೊಡೆ ಬಟ್ಟೆ ನೀರು ಕುಡಿಯೋದಿಲ್ಲ ಅಂತ ಅಕ್ಕನ ಮಗಳ ಮುರಿದ ಕಿತ್ತಳೆ ಬಣ್ಣದ ಕೊಡೆ ಬಿಚ್ಚಿ ಅರ್ಧ ಇಂಚು ಅಗಲದ ಪಟ್ಟಿ ಮಾಡ್ದೆ, ಅಂಚು ಎಳೆ ಬಿಡದ ಹಾಗೆ ಊದುಬತ್ತಿ ತುದಿಯಿಂದ ಸುಟ್ಟೆ. ಜೋರು ಗಾಳಿಗೆ ಚೆಂದ, ಬೆಳಗಿನ ನೆಲಗಾಳಿಗೆ ಮಾತ್ರ ಅಲ್ಲಾಡೋದೇ ಇಲ್ಲ, ಭಾರ. ಮೂರನೇದು ಕ್ಯಾಸೆಟ್ ರೀಲು. ಮನೆಯಲ್ಲಿ ಅಪ್ಪನ ಕಾಲದ ತಾಳಮದ್ದಳೆ ಕ್ಯಾಸೆಟ್ ಇದ್ವು, ಅದರಲ್ಲಿ ಬೂಸಲು ಹಿಡಿದು ಓಡದೇ ಇರೋದೊಂದನ್ನ ಅಪ್ಪನ್ನ ಕೇಳಿಯೇ ತಂದಿದ್ದೆ. ಉಸಿರಿಗೂ ಏಳ್ತದೆ, ನೀರು ಹಿಡಿಯೋದಿಲ್ಲ, ಆದ್ರೆ ಹಾಯಿ ಮೇಲೆ ಹಾಕಿದ್ರೆ ಸುರುಳಿ ಸುತ್ಕೊಳ್ತದೆ, ಮತ್ತೆ ಬಿಸಿಲಿಗೆ ಬೇಗ ಹರೀತದೆ.

ಇದರಲ್ಲಿ ಒಂದನ್ನೇ ಆರಿಸ್ಬೇಕು ಅಂತ ಯಾಕೆ ಹಟ ಮಾಡ್ತಿದ್ವೋ ಗೊತ್ತಿಲ್ಲ. ಮೂರೂ ಒಂದೊಂದು ಜಾಗಕ್ಕೆ ಸರಿ. ಜಿಬ್‌ಗೆ ಉಲ್ಲನ್ನೇ, ಆದ್ರೆ ಇಡೀ ದಾರ ಅಲ್ಲ, ಆಯಿಯ ಉಲ್ಲನ್ನಿನಲ್ಲಿ ನಾಲ್ಕು ಎಳೆ ಹುರಿ ಇರ್ತದೆ, ಅದನ್ನ ಹಿಂದಕ್ಕೆ ತಿರುಚಿ ಬಿಡಿಸಿದ್ರೆ ಒಂದೊಂದೇ ಎಳೆ ಬರ್ತದೆ, ಆ ಒಂಟಿ ಎಳೆಗೆ ಜುಂಗು ಕಮ್ಮಿ, ಕುಡಿಯೋ ನೀರೂ ಕಮ್ಮಿ, ಒದ್ದೆಯಾದ್ರೆ ಐದು ನಿಮಿಷದಲ್ಲಿ ಗಾಳಿಗೆ ಒಣಗಿ ಮತ್ತೆ ಏಳ್ತದೆ. ತುದಿಗೆ ಗಂಟು ಹಾಕಿದ್ರೆ ಭಾರ ಅಂತ ಒಂದು ಹನಿ ನೇಲ್ ಪಾಲಿಶ್ ಮುಟ್ಟಿಸಿದ್ದು. ಕೊಡೆ ಪಟ್ಟಿ ಮೇನ್ ಹಾಯಿಯ ಹಿಂದಿನ ಅಂಚಿಗೆ, ಹಾಯಿ ಬಿಡಿಸಿ ಹಿಡಿಯೋ ಬ್ಯಾಟನ್ ಕಡ್ಡಿ ತೂರಿಸೋ ಜೇಬಿನ ತುದಿಯಲ್ಲಿ. ಮೇನ್‌ಗೆ ಮುಂದುಗಡೆ ದಾರ ಹಾಕಿ ಪ್ರಯೋಜನ ಇಲ್ಲ, ಹಾಕಿ ನೋಡಿ ತೆಗೆದ್ವಿ, ಮುಂದೆ ಕಂಬ ಇದೆಯಲ್ಲ, ಅದರ ಬೆನ್ನಿಗೆ ಗಾಳಿ ಯಾವಾಗಲೂ ಕಲಕಿ ಹೋಗಿರ್ತದೆ. ಹಿಂದಿನ ಅಂಚಲ್ಲಿ ಮೇಲ್ಗಡೆ ಪಟ್ಟಿ ಅರ್ಧ ಹೊತ್ತು ಹಾರ್ಬೇಕು, ಅರ್ಧ ಹೊತ್ತು ಹಾಯಿ ಹಿಂದೆ ಅಡಗ್ಬೇಕು. ಅಡಗಿಯೇ ಇದ್ರೆ ಮೇನ್ ಬಿಗಿಯಾಯ್ತು, ಹಗ್ಗ ಬಿಡು.

ಕ್ಯಾಸೆಟ್ ರೀಲು ಕಂಬಕ್ಕೆ ಎರಡೂ ಕಡೆ ಆಸರೆ ಕೊಡೋ ತಂತಿಗೆ, ಕಣ್ಣಿನ ಮಟ್ಟಕ್ಕೆ. ಇದು ಗಾಳಿ ಹಿಂದಿಂದ ಬರುವಾಗ ಬೇಕೇ ಬೇಕು. ಆಗ ಜಿಬ್ ದಾರಗಳಿಗೆ ಹೇಳೋಕೆ ಏನೂ ಇರೋದಿಲ್ಲ, ಗಾಳಿ ಹಾಯಿ ಮೇಲೆ ಹರಿಯೋದಿಲ್ಲ, ಬರೀ ದೂಡ್ತದೆ. ಇದು ಗೊತ್ತಿಲ್ಲದೆ ಒಂದು ಸಂಜೆ ವಾಪಸ್ ಬರುವಾಗ ಜಿಬ್ ದಾರ ಸುಮ್ನಿದೆ ಅಂತ ನಂಬ್ಕೊಂಡು ಕೂತಿದ್ದೆ, ಗಾಳಿ ಹಿಂದಿಂದ ಇನ್ನೊಂದು ಮಗ್ಗಲಿಗೆ ಸರಿದಿದ್ದು ತಿಳೀಲಿಲ್ಲ, ಮೇನ್ ಹಾಯಿಯ ಕೆಳಗಿನ ಅಡ್ಡ ಮರ, ಬೂಮ್, ಒಂದೇ ಏಟಿಗೆ ಈ ಕಡೆ ಬೀಸಿ ಬಂದು ಭುಜಕ್ಕೆ ಬಡೀತು. ಮೂರು ದಿನ ಕೈ ಎತ್ತೋಕಾಗ್ಲಿಲ್ಲ. ತಲೆಗೆ ಬಿದ್ದಿದ್ರೆ ಅಂತ ಈಗ್ಲೂ ಮೈ ಜುಂ ಅಂತದೆ. ತಂತಿ ಮೇಲೆ ರೀಲು ಕಟ್ಟಿದ್ದು ಮಾರನೇ ವಾರ. ಒಂದು ನೆನಪಿಡಿ, ರೀಲು ತೋರಿಸೋದು ಹೊರಗಿನ ಗಾಳಿ ಅಷ್ಟೇ ಅಲ್ಲ, ಹೆದ್ದಾರಿ 66ರಲ್ಲಿ ಸ್ಕೂಟರ್ ಓಡಿಸುವಾಗ ಗಾಳಿ ಇಲ್ದೇ ಇದ್ರೂ ಮುಖಕ್ಕೆ ಬಡೀತದಲ್ಲ, ಹಾಗೇ ದೋಣಿಯ ಓಟವೂ ಸೇರಿದ ಗಾಳಿ. ಬರೀ ಗಾಳಿ ದಿಕ್ಕು ಬೇಕಾದ್ರೆ ಬೈತಖೋಲದಲ್ಲಿ ಲಂಗರು ಹಾಕಿರೋ ಬೋಟುಗಳ ಬಾವುಟ ನೋಡ್ಬೇಕು.

ಫೆಬ್ರವರಿಯ ಆ ಮಧ್ಯಾಹ್ನ ಎರಡು ಗಂಟೆ ಸುಮಾರು ಟ್ಯಾಗೋರ್ ಬೀಚ್ ಕಡೆಯಿಂದ ಹೊರಟ್ವಿ. ಬೆಳಗಿನ ನೆಲಗಾಳಿ ಸತ್ತು ಒಂದು ತಾಸು ನೀರು ಎಣ್ಣೆ ಹಾಗಿತ್ತು, ಆಮೇಲೆ ದೂರದಲ್ಲಿ ನೀರಿನ ಬಣ್ಣ ಕಪ್ಪಾಗ್ತಾ ಬಂತು, ಕಡಲಗಾಳಿ. ನಮ್ಮ ಪಕ್ಕದ ಮನೆಯ ಮಾಮಾ ಜೊತೆಗಿದ್ರು, ಚಿಕ್ಕಂದಿನಲ್ಲಿ ಹಾಯಿ ಕಟ್ಟಿದ ದೋಣಿಯಲ್ಲಿ ಮೀನಿಗೆ ಹೋದವರು, ಮೋಟರ್ ಬಂದ ಮೇಲೆ ಹಾಯಿ ಮುಟ್ಟಿಲ್ಲ. ಎಂದಿನ ಹಾಗೆ ನಾನು ಜಿಬ್ ಹಗ್ಗ ಎಳೆದು ಬಿಗಿ ಮಾಡ್ದೆ, ಗಾಳಿ ಬಡಿಯೋ ಕಡೆ ಹಳದಿ ಎಳೆ ಚೆಂದ ಮಲಗಿತ್ತು, ಹಿಂದಿನ ವರ್ಷವಾಗಿದ್ರೆ ಇದೇ ಸರಿ ಅಂತಿದ್ವಿ. ಕಿಟಕಿಯಲ್ಲಿ ನೋಡ್ತೀನಿ, ಆಚೆ ಕೆಂಪು ಎಳೆ ಕೆಳಕ್ಕೆ ಜೋತು ಬಿದ್ದಿದೆ, ನಡು ನಡುವೆ ಮುಂದಕ್ಕೆ, ಗಾಳಿ ಬರೋ ಕಡೆಗೇ ತಿರುಗ್ತಾ ಇದೆ. ಮಾಮಾ ನನ್ನ ಕೈ ನೋಡ್ತಿದ್ರು, ದಾರ ಅಲ್ಲ. "ಹಗ್ಗ ಬಿಡೋ ತಮ್ಮಾ, ಅದರ ಕುತ್ತಿಗೆ ಹಿಸುಕ್ತಾ ಇದೀಯ" ಅಂದ್ರು.

ಒಂದು ಇಂಚು ಬಿಟ್ಟೆ, ಏನಿಲ್ಲ. ಎರಡು. ಮೂರು. ನಾಲ್ಕನೇ ಇಂಚಿಗೆ ಕೆಂಪು ಎಳೆ ಒಮ್ಮೆ ನಡುಗಿ, ಎದ್ದು, ಹಿಂದಕ್ಕೆ ಹೋಗಿ ಹಾಯಿಗೆ ಅಂಟಿಕೊಂಡ ಹಾಗೆ ಮಲಗಿಬಿಡ್ತು. ಅದೇ ಹೊತ್ತಿಗೆ ದೋಣಿ ಅಡಿಯ ಸದ್ದು ಬದಲಾಯ್ತು, ಅಷ್ಟೊತ್ತು ಚಪ್ ಚಪ್ ಅಂತಿದ್ದ ನೀರು ಒಂದೇ ಉದ್ದಕ್ಕೆ ಸರ್‌ರ್ ಅಂತ ಹರಿಯೋಕೆ ಶುರುವಾಯ್ತು. ಮೂವರೂ ಮಾತಾಡ್ಲಿಲ್ಲ. ದೇವಗಡದ ಅರ್ಧ ದಾರಿ ತನಕ ಹಾಗೇ ಹೋದ್ವಿ.

ಅವತ್ತೇ ಇನ್ನೊಂದು ಕಂಡಿದ್ದು, ದೋಣಿ ಮೂತಿ ನಿಧಾನ ಗಾಳಿ ಕಡೆ ತಿರುಗಿಸಿದಾಗ ಮೂರು ಜೊತೆಯಲ್ಲಿ ಮೇಲಿನದ್ದು ಮೊದಲು ಕುಣೀತದೆ, ಕೆಳಗಿನವು ಸುಮ್ನಿರ್ತವೆ. ಮೂರೂ ಒಟ್ಟಿಗೆ ಕುಣೀಬೇಕು. ಮೇಲಿನದ್ದು ಮೊದಲು ಅಂದ್ರೆ ಹಾಯಿಯ ತಲೆ ಸಡಿಲ ಬಿಟ್ಟು ತಿರುಚಿಕೊಂಡಿದೆ. ಜಿಬ್ ಹಗ್ಗ ಹಾದುಬರೋ ರಾಟೆನ ಹಳಿಯಲ್ಲಿ ಎರಡು ತೂತು ಮುಂದಕ್ಕೆ ಸರಿಸಿದ್ವಿ, ಆಗ ಹಗ್ಗ ಹಿಂದಿನ ಅಂಚನ್ನ ಕೆಳಕ್ಕೆ ಜಾಸ್ತಿ ಎಳೀತದೆ, ತಿರುಚು ಕಮ್ಮಿ ಆಗ್ತದೆ. ಕೆಳಗಿನದ್ದು ಮೊದಲು ಕುಣಿದ್ರೆ ರಾಟೆ ಹಿಂದಕ್ಕೆ. ಈ ರಾಟೆ ಸರಿಸಬಹುದು ಅಂತ ನಮಗೆ ಗೊತ್ತಿತ್ತು, ಯಾವಾಗ ಎಷ್ಟು ಅಂತ ಗೊತ್ತಿರ್ಲಿಲ್ಲ.

ಈಗ ಮೇ ಕೊನೆ. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ, ಟ್ರಾಲರ್‌ಗಳೂ ದಡಕ್ಕೆ, ನಮ್ಮ ದೋಣಿಯೂ ಶೆಡ್ಡಿಗೆ. ನಿನ್ನೆ ಹಾಯಿ ತೊಳೆದು ಒಣಗಿಸಿ ಸುತ್ತಿಟ್ಟೆ, ಮಡಚಲಿಲ್ಲ, ಮಡಚಿದ್ರೆ ಕಿಟಕಿ ಶೀಟು ಬಿರೀತದೆ. ಹನ್ನೆರಡು ವಾರದಲ್ಲಿ ಒಂದೇ ಎಳೆ ಹೋಗಿದ್ದು, ಮೇಲಿನ ಬಲದ್ದು, ಹಳದಿ. ಅದನ್ನ ಈಗ್ಲೇ ಹಾಕಲ್ಲ, ಹೊಸದು ಆಗಸ್ಟಿಗೆ. ಹಾಯಿಯ ಕೆಳ ಮೂಲೆಯಲ್ಲಿ ಸೀಸದ ಕಡ್ಡಿಯಿಂದ ಬರೆದಿಟ್ಟಿದೀನಿ: ಅಂಚಿಂದ 8 ಇಂಚು, ಎಡ ಕೆಂಪು 2 ಇಂಚು ಕೆಳಗೆ, ಒಂಟಿ ಎಳೆ.